ರೇಡಿಯಂ ಇಟ್ಟುಕೊಂಡು ಬಂದವಳು

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಮುಟ್ಟಾದ ಹೆಂಗಸು ಹುಳು ಮನೆಯ ಹೊಸಿಲು ದಾಟುವಂತಿರಲಿಲ್ಲ. ರೇಷ್ಮೆ ಹುಳು ಬಲು ಸೂಕ್ಷ್ಮ. ಹೊಗೆಸೊಪ್ಪು ಮುಟ್ಟಿದ ಕೈ, ಊದುಬತ್ತಿಯ ಹೊಗೆ, ಸಾವಿನ ಮನೆಗೆ ಹೋಗಿ ಬಂದ ಕಾಲು, ಯಾವುದೂ ಆ ಕೋಣೆಗೆ ಆಗದು ಎಂದು ನಮ್ಮತ್ತೆ ಬಾಗಿಲಲ್ಲೇ ಕಾವಲು ನಿಂತಿರುತ್ತಿದ್ದರು. ಮುಟ್ಟಾದರೆ ಮೂರು ದಿನ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂರುವುದು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗುವುದು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೆಚ್ಚಿ, ತಟ್ಟೆ ತಟ್ಟೆಗೂ ಹಾಕಿ ಸೊಂಟ ಬಿದ್ದುಹೋಗುತ್ತಿದ್ದ ನನಗೆ ಅದು ರಜೆಯೇ ಆಗಿತ್ತು. ಆ ವರ್ಷ ಮಾತ್ರ ನಾಲ್ಕನೆಯ ದಿನ ಬರಲೇ ಇಲ್ಲ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನನಗೆ ಮೂವತ್ತು ದಾಟಿತ್ತು. ಎರಡು ಕೂಸು ಕಳೆದುಕೊಂಡ ಮೇಲೆ ಹುಟ್ಟಿದ ಸುಶೀಲ ಆಗಿನ್ನೂ ಮೂರು ವರ್ಷದವಳು. ಸ್ರಾವ ನಿಲ್ಲುತ್ತಿರಲಿಲ್ಲ. ನಿಂತಿತು ಎಂದು ಸ್ನಾನ ಮಾಡಿ ಎದ್ದರೆ ಮಧ್ಯಾಹ್ನಕ್ಕೆ ಮತ್ತೆ ಶುರು. ನೋವಿರಲಿಲ್ಲ, ಅದಕ್ಕೇ ಯಾರಿಗೂ ಗಾಬರಿಯಾಗಲಿಲ್ಲ. ರಕ್ತ ಹೋಗುವ ಹೆಂಗಸಿಗೆ ಮನೆಯಲ್ಲಿ ಒಂದು ಜಾಗ ಗೊತ್ತಾಗಿತ್ತಲ್ಲ, ಜಗಲಿಯ ಮೂಲೆ. ಅಲ್ಲಿ ನಾನು ಕೂತಿದ್ದೆ. ಎಲ್ಲ ಸರಿಯಾಗಿಯೇ ಇದೆ ಎಂದು ಮನೆ ಅಂದುಕೊಂಡಿತು, ನಾನೂ ಅಂದುಕೊಂಡೆ.

"ಕೆಟ್ಟ ರಕ್ತ ಎಲ್ಲಾ ಹೋಗ್ಲಿ ಬಿಡಮ್ಮ. ಮೈ ಹಗುರ ಆಗ್ತದೆ" ಎಂದು ಅತ್ತೆ ದೂರದಿಂದಲೇ ಕಷಾಯದ ಲೋಟ ಇಟ್ಟು ಹೋಗುತ್ತಿದ್ದರು.

ಆ ಜಗಲಿಯಲ್ಲಿ ನನಗಿದ್ದ ಸುಖವೆಂದರೆ ಮಗು. ದೊಡ್ಡವರು ಮುಟ್ಟಿದರೆ ಮೈಲಿಗೆ, ಆದರೆ ಬಟ್ಟೆ ಬಿಚ್ಚಿಬಿಟ್ಟ ಮಗುವಿಗೆ ಯಾವ ಮೈಲಿಗೆಯೂ ಅಂಟದು ಎಂಬ ಪದ್ಧತಿ ನಮ್ಮಲ್ಲಿತ್ತು. ಸುಶೀಲ ಇದನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ನಾನು ಚಾಪೆ ಹಾಸುವುದನ್ನು ಕಂಡರೆ ಸಾಕು, ಗೌನನ್ನು ತಲೆಯ ಮೇಲಿಂದ ಎಳೆದು ಬಿಸಾಕಿ ಬರಿಮೈಯಲ್ಲಿ ಓಡಿ ಬಂದು ತೊಡೆಯ ಮೇಲೆ ಬೀಳುತ್ತಿದ್ದಳು. ಚಳಿಗಾಲದಲ್ಲೂ ಅಷ್ಟೇ. ನನ್ನ ಸೆರಗನ್ನೇ ಹೊದ್ದುಕೊಂಡು ಮಲಗುತ್ತಿದ್ದಳು.

ಕಡೆಗೆ ವಾಸನೆ ಶುರುವಾಯಿತು. ಅದನ್ನು ನಾನು ಬರೆಯುತ್ತಿರುವುದು ಬೇಕೆಂದೇ. ಆಗ ಯಾರೂ ಅದರ ಮಾತೆತ್ತುತ್ತಿರಲಿಲ್ಲ, ನಾನೊಬ್ಬಳೇ ಹೀಗೆ ನಾರುತ್ತಿದ್ದೇನೆ ಅಂದುಕೊಂಡಿದ್ದೆ. ಯಜಮಾನರು ಒಂದು ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿ ಬಸ್ ನಿಲ್ಲುವ ಕಡೆ ಕರೆದುಕೊಂಡು ಹೋದರು. ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ, ಕೈ ತೊಳೆದು, ನನ್ನನ್ನು ಹೊರಗೆ ಕೂರಿಸಿ ಅವರನ್ನು ಒಳಗೆ ಕರೆದರು. ಮೈ ನನ್ನದು, ಮಾತು ಅವರಿಬ್ಬರದು. ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದವರನ್ನು ಕೇಳಿದೆ.

"ಏನಂದ್ರು?"

"ಬೆಂಗಳೂರಿಗೆ ಹೋಗ್ಬೇಕಂತೆ."

"ಅದ್ಸರಿ, ನಂಗೇನಾಗಿದ್ಯಂತೆ?"

"ಅಲ್ಲೇ ಹೇಳ್ತಾರಂತೆ ಬಾರೇ" ಎಂದು ಮುಂದೆ ಮುಂದೆ ನಡೆದರು. ಜಗಳ ಆಡುವ ಮನುಷ್ಯ ಜಗಳ ಆಡದೆ ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲೂ ಯಾರೂ ಹೇಳಲಿಲ್ಲ. ನನ್ನ ಕಾಯಿಲೆಯ ಹೆಸರನ್ನು ನನಗೆ ಹೇಳಿದ್ದು ಹೊರಗಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಫಾತಿಮಾಬಿ. ಶಿಡ್ಲಘಟ್ಟದವರು, ಮನೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ನನ್ನ ಊರು ಕೇಳಿದ್ದೇ ತಡ, ಹತ್ತಿರ ಸರಿದರು.

"ದಿಬ್ಬೂರಹಳ್ಳಿ ಗೂಡಾ? ನಿಮ್ಮ ಗೂಡು ನಮ್ಮ ಬಾಣಲೇಲಿ ಎಷ್ಟು ಬೆಂದಿಲ್ಲಮ್ಮಾ! ನೂಲು ಚೆನ್ನಾಗಿ ಬಿಚ್ಕೊಳ್ತದೆ." ಆಮೇಲೆ ದನಿ ತಗ್ಗಿಸಿ, "ಹೆಸರು ಹೇಳಿಲ್ವಾ ನಿಮಗೆ? ನನಗೂ ಹೇಳಿಲ್ಲ. ನಾನೇ ಗದರಿಸಿ ಕೇಳ್ದೆ. ಕ್ಯಾನ್ಸರ್ ಅಂತೆ. ಈ ಬೆಂಚಲ್ಲಿ ಕೂತೋರಿಗೆಲ್ಲಾ ಅದೇ" ಎಂದರು.

ನಾನು ಬೆಂಚಿನುದ್ದಕ್ಕೂ ನೋಡಿದೆ. ಎಲ್ಲರೂ ಹೆಂಗಸರೇ, ಎಲ್ಲರೂ ಸೆರಗನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನೊಬ್ಬಳೇ ಅಲ್ಲ ಎಂದು ಗೊತ್ತಾಗಿ ಅಳು ಬಂತು.

ಮೊದಲು ಹೊಟ್ಟೆಯ ಮೇಲಿಂದ ಕರೆಂಟು, ಅಂದರೆ ಯಂತ್ರದ ಕಿರಣ, ಕೊಟ್ಟರು. ಆಮೇಲೆ ಒಳಗೇ ರೇಡಿಯಂ ಇಡಬೇಕು ಎಂದರು. ಕಾಯಿಲೆ ಇರುವ ಜಾಗದಲ್ಲೇ, ಗರ್ಭಕೋಶದ ಬಾಯಲ್ಲಿ, ರೇಡಿಯಂ ತುಂಬಿದ ಸಣ್ಣ ಸಣ್ಣ ಕೊಳವೆಗಳನ್ನು ಇಟ್ಟು ಕೆಲವು ದಿನ ಬಿಟ್ಟು ತೆಗೆಯುವುದು. ಇಡುವ ದಿನ ನನ್ನನ್ನು ಮೇಜಿನ ಮೇಲೆ ಮಲಗಿಸಿ ನೋಡಿದ ಡಾಕ್ಟರು ಇಂಗ್ಲಿಷಿನಲ್ಲಿ ಗೊಣಗಿ ಹಾಗೇ ಎಬ್ಬಿಸಿ ಕಳಿಸಿಬಿಟ್ಟರು. ನಾನು ಗಿಡ್ಡ ಹೆಂಗಸು, ಕಟ್ಟೂ ಸಣ್ಣದು. ಆಸ್ಪತ್ರೆಯಲ್ಲಿದ್ದ ಸರಂಜಾಮು ವಿಲಾಯತಿಯಿಂದ ಬಂದದ್ದು, ಅಲ್ಲಿನ ದೊಡ್ಡ ಹೆಂಗಸರ ಅಳತೆಗೆ ಮಾಡಿದ್ದು. ನನಗೆ ಕೂರಲಿಲ್ಲ. ಸಣ್ಣದು ತಯಾರಾಗುವ ತನಕ ಕಾಯಬೇಕು ಎಂದರು.

"ರವಿಕೆ ಹೊಲಿಯೋನು ಕೂಡ ಅಳತೆ ತಗೊಂಡು ಹೊಲೀತಾನೆ. ಇವರಿಗೇನು ಬಂತು?" ಎಂದು ಫಾತಿಮಾಬಿ ವಾರ್ಡೆಲ್ಲ ಕೇಳುವಂತೆ ಬೈದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಹೊಟ್ಟೆಯೊಳಗೆ ಕಾಯಿಲೆ ಬೆಳೆಯುತ್ತಲೇ ಇತ್ತು.

ಆ ಕಾಯುವಿಕೆಯಷ್ಟು ಕೈಲಾಗದ ಸ್ಥಿತಿಯನ್ನು ನಾನು ಮತ್ತೆಂದೂ ಕಂಡಿಲ್ಲ. ಮದ್ದು ಇದೆ, ಡಾಕ್ಟರಿದ್ದಾರೆ, ಹಾಸಿಗೆ ಇದೆ. ನನ್ನ ಮೈ ಚಿಕ್ಕದು ಎಂಬ ಒಂದು ಕಾರಣಕ್ಕೆ ಎಲ್ಲವೂ ನಿಂತಿದೆ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ನೋಡುವುದು, ಡಾಕ್ಟರು ಬಂದರೆ ಅವರ ಮುಖ ನೋಡುವುದು, ಅವರು ಬೇರೆ ಮಂಚಕ್ಕೆ ಹೋದರೆ ಗೋಡೆ ನೋಡುವುದು.

ಅಳತೆ ನೋಡಿ ರೇಡಿಯಂ ಜೋಡಿಸುವುದಕ್ಕೆಂದೇ ಅಲ್ಲಿ ಒಬ್ಬರಿದ್ದರು. ಡಾಕ್ಟರಲ್ಲ, ವಿಜ್ಞಾನ ಓದಿದವರಂತೆ. ಎಳೆಯ ವಯಸ್ಸು, ನಮ್ಮ ಕಡೆಯ ಮಾತು ಅರ್ಧಂಬರ್ಧ ಬರುತ್ತಿತ್ತು. ಶಾಲೆಯಲ್ಲಿ ಪಾಠ ಹೇಳುವ ಹಾಗೆ ಮಾತಾಡುತ್ತಿದ್ದರಿಂದ ನಾವೆಲ್ಲ ಅವರನ್ನು ಅಳತೆ ಮೇಷ್ಟ್ರು ಎನ್ನುತ್ತಿದ್ದೆವು. ಇನ್ನೂ ಸಣ್ಣ ಕೊಳವೆಗಳನ್ನು ನಮ್ಮ ದೇಶದಲ್ಲೇ ಮಾಡಿಸಬೇಕೆಂದು ಅವರು ಬೊಂಬಾಯಿಯಲ್ಲಿ ಅಂಥವನ್ನು ತಯಾರಿಸುವವರ ಬೆನ್ನು ಬಿದ್ದಿದ್ದರು. ಒಂದು ದಿನ ಓಡುತ್ತಲೇ ಬಂದು, ಅಂಗೈ ಬಿಚ್ಚಿ ನನಗೆ ತೋರಿಸಿದರು. ಬೆಳ್ಳಗಿನ ಒಂದು ಚೂರು, ಭತ್ತದ ಕಾಳಿಗಿಂತ ಒಂದಿಷ್ಟು ದಪ್ಪ.

"ಹೆದರಬೇಡಿ, ಇದು ಖಾಲಿ. ಒಳಗೆ ಏನೂ ತುಂಬಿಲ್ಲ. ಕೈಯಲ್ಲಿ ಹಿಡೀರಿ."

ಹಿಡಿದೆ. ನಿಜ ಹೇಳಬೇಕೆಂದರೆ ನನಗೆ ಅವಮಾನವಾಯಿತು. ಇಷ್ಟು ದಿನ ಸಾಯುತ್ತೇನೋ ಬದುಕುತ್ತೇನೋ ಎಂದು ಒದ್ದಾಡಿದ್ದು ಈ ಕಾಳಿಗಾಗಿಯೇ?

"ಇದು ಒಳಗೇ ಉಳಿದುಬಿಟ್ರೆ ಸ್ವಾಮಿ?"

"ಉಳಿಯಲ್ಲ. ದಾರ ಕಟ್ಟಿರ್ತೀವಿ. ತೆಗೆದ ಮೇಲೆ ನಿಮ್ಮ ಮೈಯಲ್ಲಿ ಏನೂ ಇರಲ್ಲ. ದೀಪ ಆಚೆ ಒಯ್ದರೆ ಕೋಣೆಯಲ್ಲಿ ಬೆಳಕು ಉಳಿಯುತ್ತಾ? ಹಾಗೆ."

ಈ ಮಾತನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಮನೆಯವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ.

ಸಣ್ಣ ಕೊಳವೆಗಳು ನನಗೆ ಕೂತವು. ಎಚ್ಚರವಾದಾಗ ಬೇರೆ ಕೋಣೆಯಲ್ಲಿದ್ದೆ. ಅಂಗಾತ ಮಲಗಿರಬೇಕು, ಮಗ್ಗುಲಾಗಬಾರದು, ಕಾಲು ಮಡಿಸಬಾರದು. ಕೊಳವೆಗಳು ಜರುಗದಂತೆ ಒಳಗೆ ಬಟ್ಟೆ ತುರುಕಿ ಬಿಗಿ ಮಾಡಿದ್ದರು. ಮಂಚದ ಪಕ್ಕ ಕಿರಣ ತಡೆಯುವ ಸೀಸದ ತಡಿಕೆ. ಸಿಸ್ಟರ್ ಅದರ ಹಿಂದೆ ನಿಂತು ಗಂಜಿ ಕೊಟ್ಟು, ಕೇಳಬೇಕಾದ್ದನ್ನು ಬಾಗಿಲಿನಿಂದ ಕೇಳಿ ಹೋಗಿಬಿಡುತ್ತಿದ್ದರು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಾವು ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು, ತಟ್ಟೆ ಜರುಗಿಸಬಾರದು. ಎಷ್ಟೋ ಸಾವಿರ ಹುಳುಗಳನ್ನು ಜ್ವರಕ್ಕೆ ಕೂರಿಸಿದ್ದೆ, ಅವಕ್ಕೆ ಒಳಗೆ ಏನಾಗುತ್ತಿರಬಹುದೆಂದು ಯೋಚಿಸಿದ್ದು ಅಲ್ಲೇ. ಆ ಕೋಣೆಯಲ್ಲಿ ಈಗ ಮಲಗಿರುವ ಯಾರಾದರೂ ಇದನ್ನು ಓದಿದರೆ ಅವರಿಗೆ ಹೇಳುವುದಿಷ್ಟೇ: ನೋವು ತಡೆದುಕೊಳ್ಳಬಹುದು, ನಾಚಿಕೆ ತಡೆಯಲಾಗುವುದಿಲ್ಲ. ನಾನು ಕಣ್ಣು ಮುಚ್ಚಿ ಹುಳು ಮನೆಯ ತಟ್ಟೆಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಸ್ವಚ್ಛ ಮಾಡುತ್ತಿದ್ದೆ. ನೀವೂ ನಿಮ್ಮ ಮನೆಯ ಯಾವುದಾದರೂ ಕೆಲಸ ಹಿಡಿದುಕೊಳ್ಳಿ.

ಹೀಗೆ ಮಲಗಿದ್ದಾಗ ಯಜಮಾನರು ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ಬಂದರು. ಬರಬಾರದೆಂದು ಅವರಿಗೆ ಹೇಳಿದ್ದವರು ಯಾರು? ಬಾಗಿಲಲ್ಲಿ ಅತ್ತೆಯ ಸೊಂಟದಿಂದ ಜಾರಿ ಸುಶೀಲ "ಅಮ್ಮಾ" ಎಂದಳು. ಅಷ್ಟರಲ್ಲಿ ಸಿಸ್ಟರ್ ಕಿರುಚಿಕೊಂಡು ಓಡಿ ಬಂದರು.

"ಮಗೂನ ಆಚೆ ಕರ್ಕೊಂಡು ಹೋಗ್ರೀ! ಅವರ ಮೈಯಲ್ಲಿ ರೇಡಿಯಂ ಇದೆ! ಹತ್ತಿರ ಬಿಟ್ರೆ ಮಗೂಗೆ ಅಪಾಯ!"

ಅತ್ತೆ ಮಗುವನ್ನು ಬಾಚಿ ಎತ್ತಿಕೊಂಡಾಗಿನ ಮುಖ ನನಗೆ ಇನ್ನೂ ಕಾಣುತ್ತದೆ. ಬೆಂಕಿಯ ಬಾಯಿಂದ ಎಳೆದುಕೊಂಡವರ ಮುಖ. ನಾನು ಏಳುವಂತಿಲ್ಲ, ಕೈ ಎತ್ತುವಂತಿಲ್ಲ. ವರಾಂಡದ ಉದ್ದಕ್ಕೂ ಮಗುವಿನ ಅಳು ದೂರವಾಗುವುದನ್ನು ಅಂಗಾತ ಮಲಗಿ ಕೇಳಿಸಿಕೊಂಡೆ.

ಕೊಳವೆಗಳನ್ನು ತೆಗೆದು ನನ್ನನ್ನು ವಾರ್ಡಿಗೆ ತಂದಾಗ ಫಾತಿಮಾಬಿ ಗಂಟು ಕಟ್ಟುತ್ತಿದ್ದರು.

"ನಿಮಗೆ ಯಾವಾಗ ಇಡ್ತಾರೆ?" ಎಂದೆ.

"ನನಗೆ ಆ ಕಾಳು ಇಡಲ್ವಂತೆ. ಮನೆಗೆ ಹೋಗಿ ಅಂದ್ರು" ಎಂದರು. ಬೈಗುಳ ಇಲ್ಲ, ದೊಡ್ಡ ಗಂಟಲಿಲ್ಲ. ಕಾಯಿಲೆ ಕೈಮೀರಿ ಹೋಗಿದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ನನ್ನ ತಲೆ ಸವರಿ, "ಬೆಳೆ ಬಂದ್ರೆ ನಮ್ಮನೆಗೇ ಗೂಡು ಹಾಕ್ಸಮ್ಮಾ" ಎಂದು ಹೊರಟರು. ಮುಂದಿನ ರಂಜಾನ್ ನೋಡಲು ಅವರು ಉಳಿಯಲಿಲ್ಲ.

ಊರಿಗೆ ಬಂದಾಗ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿತ್ತು. ಬೇರೆ ತಟ್ಟೆ, ಬೇರೆ ಲೋಟ. ನನಗೆ ಸ್ರಾವ ನಿಂತಿತ್ತು, ಇನ್ನು ಮುಟ್ಟೇ ಬರುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಆದರೂ ಚಾಪೆ ಅಲ್ಲೇ. ಸುಶೀಲ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಚಾಪೆ ನೋಡಿದಳು. ಅವಳಿಗೆ ಗೊತ್ತಿದ್ದ ದಾರಿ ಒಂದೇ. ಸರಕ್ಕನೆ ಗೌನು ಎಳೆದು ಬಿಸಾಕಿ ಓಡಿ ಬಂದಳು. ಅತ್ತೆ ಅರ್ಧದಲ್ಲೇ ಹಿಡಿದುಕೊಂಡರು.

"ಬಟ್ಟೆ ಬಿಚ್ಚಿದ್ರೂ ಬ್ಯಾಡ ಕಣೇ! ಅಮ್ಮನ ಮುಟ್ಟಿದ್ರೆ ಸತ್ತೋಗ್ತೀಯ!"

"ಅತ್ತೆಮ್ಮ, ತೆಗೆದ್ಬಿಟ್ಟವ್ರೆ. ಈಗ ಏನೂ ಇಲ್ಲ" ಎಂದು ನಾನು ದೀಪದ ಮಾತು ಹೇಳಿದೆ. ಅವರು ಕೇಳಿದರು, ಬಾಗಿಲು ಹಾಕಿಕೊಂಡರು. ಯಜಮಾನರು ಅಂಗಳದಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರು. ಯಾರನ್ನು ದೂರಲಿ? ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಸಿಸ್ಟರ್ ಕಿರುಚಿದ್ದು ನನ್ನ ಕಿವಿಯಲ್ಲೂ ಇತ್ತು. ಒಂದು ವೇಳೆ ಮೇಷ್ಟ್ರು ಸುಳ್ಳು ಹೇಳಿದ್ದರೆ? ಎರಡು ಕೂಸು ಕಳೆದುಕೊಂಡವಳು ನಾನು. ಆದ್ದರಿಂದ ಮಗು ಹತ್ತಿರ ಸುಳಿದರೆ ನಾನೇ ಕಾಲು ಎಳೆದುಕೊಳ್ಳುತ್ತಿದ್ದೆ. ಕಡೆಕಡೆಗೆ ಅವಳು ಬರುವುದನ್ನೇ ಬಿಟ್ಟಳು. ಕಂಬದ ಹಿಂದೆ ನಿಂತು ನೋಡುತ್ತಿದ್ದಳು.

ಹೀಗೆ ಮೊಟ್ಟೆಯಿಂದ ಗೂಡಿನವರೆಗಿನ ಒಂದು ಬೆಳೆ ಕಳೆಯಿತು. ಎರಡನೆಯ ಬೆಳೆಯಲ್ಲಿ ಹುಳು ಮೂರನೆಯ ಜ್ವರ ಎದ್ದ ಬೆಳಿಗ್ಗೆ ಅತ್ತೆ ಒಂದು ಮೊರದಲ್ಲಿ ಒಂದು ಹಿಡಿ ಹುಳು ತಂದು ನನ್ನ ದಿಂಬಿನ ಪಕ್ಕ ಇಟ್ಟರು.

"ಇದಕ್ಕಿಂತ ಸೂಕ್ಷ್ಮದ ಜೀವ ನಂಗೊತ್ತಿಲ್ಲ. ಮಗ್ಗುಲಲ್ಲೇ ಇಟ್ಕೊಂಡು ಸಾಕು. ಕೈಯಾರ ಸೊಪ್ಪು ಹಾಕು. ಇವು ಗೂಡು ಕಟ್ಟಿದ್ರೆ ಮಗೂನ ಬಿಡ್ತೀನಿ. ಕಟ್ಟಲಿಲ್ಲ ಅಂದ್ರೆ ನನ್ನ ಕೇಳಬ್ಯಾಡಮ್ಮ."

ದೊಡ್ಡಾಸ್ಪತ್ರೆಯವರ ಮಾತಿಗಿಲ್ಲದ ಬೆಲೆ ಹುಳಕ್ಕೆ! ಕೋಪ ಬಂತು. ಆದರೆ ನಾನೂ ಹುಳು ಸಾಕುವ ಮನೆಯವಳೇ. ಅವರು ಹೇಳಿದ್ದು ನನಗೆ ನ್ಯಾಯವಾಗಿಯೇ ಕಂಡಿತು.

ಇರುವೆ ಹತ್ತದಂತೆ ಸುತ್ತ ಬೂದಿ ಹಾಕಿದೆ. ಎಳೆಯ ಸೊಪ್ಪು ಆರಿಸಿ ಹಾಕಿದೆ. ಅವುಗಳ ಪಕ್ಕದಲ್ಲೇ ಕೂತೆ, ಪಕ್ಕದಲ್ಲೇ ಮಲಗಿದೆ. ನನ್ನ ಉಸಿರು ತಾಗಿದರೂ ಭಯ, ತಾಗದಿದ್ದರೆ ಪರೀಕ್ಷೆ ಆದಂತಲ್ಲ ಎಂದು ಇನ್ನೊಂದು ಭಯ. ಕೊನೆಯ ಜ್ವರಕ್ಕೆ ಕೂತವು, ಎದ್ದವು. ಸೊಪ್ಪನ್ನು ಸರಸರ ತಿನ್ನುವ ಸದ್ದು ಕೇಳಿದಾಗ ಮನಸ್ಸು ಹಗುರವಾಯಿತು.

ಆಮೇಲೊಂದು ಬೆಳಿಗ್ಗೆ ಮೊರದ ಅಂಚಿನಲ್ಲಿ ಕೆಲವು ಹುಳು ಹಳದಿಯಾಗಿ ಊದಿಕೊಂಡು ಬಿದ್ದಿದ್ದವು. ಚರ್ಮ ಒಡೆದು ಹಾಲಿನಂಥ ನೀರು. ಅದು ಹುಳಕ್ಕೆ ಬರುವ ರೋಗ, ನನಗೆ ಗೊತ್ತು. ಆದರೆ ಯಾರಿಗೆ ಹೇಳಲಿ? ತೆಗೆದು ಬಿಸಾಕಲು ಕೈ ಚಾಚಿದೆ, ಅಷ್ಟರಲ್ಲಿ ಅತ್ತೆಯ ನೆರಳು ಮೊರದ ಮೇಲೆ ಬಿತ್ತು. ಅವರು ಬಗ್ಗಿ ನೋಡಿದರು. ಸೀದಾ ಒಳಗೆ ಹೋದರು. ಮುಗಿಯಿತು ಅಂದುಕೊಂಡೆ.

ಅವರು ತಿರುಗಿ ಬಂದಾಗ ಅಂಗೈಯಲ್ಲಿ ಹುಳು ಮನೆಯ ಹುಳುಗಳಿದ್ದವು. ಅವೂ ಹಳದಿ, ಅವೂ ಊದಿದ್ದವು.

"ಒಳಗೂ ಬಿದ್ದವೆ. ಒಳಗೆ ಸಾಯೋ ಹಂಗೇ ಇಲ್ಲೂ ಸತ್ತವೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ" ಎಂದರು.

ನಾನು ಬೇರೆಯವರಿಗಿಂತ ಕೆಟ್ಟವಳಲ್ಲ ಎಂದು ನನಗೆ ಯಾರೋ ಹೇಳಿ ಎಷ್ಟು ಕಾಲವಾಗಿತ್ತೋ. ಉಳಿದ ಹುಳು ಹಣ್ಣಾದವು, ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾದವು. ಅತ್ತೆಯೇ ಒಂದು ಮುರುಕು ಚಂದ್ರಿಕೆ ತಂದು ಗೋಡೆಗೆ ಒರಗಿಸಿದರು. ಅದರ ಬಿದಿರ ಸುತ್ತುಗಳ ನಡುವೆ ಹುಳು ಕೂತು ದಾರ ಬಿಡತೊಡಗಿದವು. ಗೂಡು ಗಟ್ಟಿಯಾದ ಮೇಲೆ ಅತ್ತೆ ಒಂದನ್ನು ಬಿಡಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಜೀವ ಗಲಗಲ ಎಂದಿತು.

"ಸುಶೀ, ಬಾರೇ. ಅಮ್ಮನ ಹತ್ರ ಹೋಗು" ಎಂದು ಕೂಗಿದರು.

ಸುಶೀಲ ಕಂಬ ಬಿಡಲಿಲ್ಲ. ಅಜ್ಜಿಯನ್ನು ನಮ್ಮ ಕಡೆ ಅವ್ವ ಎನ್ನುತ್ತೇವೆ. "ಬ್ಯಾಡವ್ವ. ಅಮ್ಮನ ಮುಟ್ಟಿದ್ರೆ ಸತ್ತೋಗ್ತಾರೆ" ಎಂದಳು. ಪಾಠ ಅಷ್ಟು ಚೆನ್ನಾಗಿ ಕೂತಿತ್ತು. ಅತ್ತೆ ಗದರಿದರು, ರಮಿಸಿದರು, ಬೆಲ್ಲ ತೋರಿಸಿದರು. ಮಗು ಕಂಬವನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡಿತು. ಡಾಕ್ಟರು, ಮೇಷ್ಟ್ರು, ಹುಳು, ಎಲ್ಲರೂ ನನ್ನಿಂದ ಅಪಾಯವಿಲ್ಲ ಎಂದರು, ಮಗಳು ಒಪ್ಪಲಿಲ್ಲ. ನಾನು ಚಾಪೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅತ್ತೆ ಬೆಲ್ಲವನ್ನು ಕೆಳಗಿಟ್ಟರು. ಆಮೇಲೆ ಬಂದು ನನ್ನ ಚಾಪೆಯ ಮೇಲೆ ಕೂತು, ತುರುಬು ಬಿಚ್ಚಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟು ಮಲಗಿದರು.

"ಹೇನು ನೋಡಮ್ಮ" ಎಂದರು.

ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದು ಅದೇ ಮೊದಲು. ಬಿಳಿಗೂದಲೊಳಗೆ ಬೆರಳಾಡಿಸಿದಾಗ ಗೊತ್ತಾಯಿತು, ಅವರ ತಲೆ ನಡುಗುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿದ್ದರು, ತುಟಿಯಲ್ಲಿ ಮನೆದೇವರ ಹೆಸರು. ಹುಳು ಗೂಡು ಕಟ್ಟಿದ್ದನ್ನು ಕಣ್ಣಾರೆ ಕಂಡರೂ ಅವರ ಭಯ ಹೋಗಿರಲಿಲ್ಲ. ಭಯ ಇಟ್ಟುಕೊಂಡೇ ಮಲಗಿದ್ದರು.

ಸುಶೀಲ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಅವ್ವಾ, ಸತ್ತ್ಯಾ?"

"ಇಲ್ಲ ಕಣೇ."

ನಾನು ಹೇನು ಹುಡುಕುತ್ತಲೇ ಇದ್ದೆ. ಒಂದೂ ಸಿಗಲಿಲ್ಲ.

"ಈಗ?"

"ಇನ್ನೂ ಇಲ್ಲ ಕಣೇ, ಬಾ."

ಮಗು ಕಂಬ ಬಿಟ್ಟಿತು. ಎರಡು ಹೆಜ್ಜೆ ಬಂದು ನಿಂತು, ಏನೋ ನೆನಪಾದವಳಂತೆ ಗೌನಿನ ಅಂಚು ಹಿಡಿದು ಮೇಲಕ್ಕೆ ಎಳೆಯತೊಡಗಿದಳು. ಅಷ್ಟು ತಿಂಗಳಲ್ಲಿ ಅವಳು ಬೆಳೆದಿದ್ದಳು, ಗೌನು ಬಿಗಿಯಾಗಿತ್ತು. ತಲೆಯಲ್ಲಿ ಸಿಕ್ಕಿಕೊಂಡಿತು. ಕಣ್ಣು ಕಾಣದೆ, ಎರಡು ಕೈ ಮೇಲೆತ್ತಿಕೊಂಡು, ಬಾ ಎಂದು ಕರೆದ ನನ್ನ ದನಿಯ ಕಡೆಗೆ ನಡೆದು ಬಂದಳು.